ಆರ್15 ಫೇರಿಂಗ್ ಮನೆಯಲ್ಲೇ ಬಿಚ್ಚಿ ಹಾಕಬಹುದಾ? ಲಾಕ್ ಮುರಿಯಬಾರದು ಅಂದ್ರೆ ಏನು ಮಾಡಬೇಕು?

ತೀರ್ಥಹಳ್ಳಿ_ರೈಡರ್

ಎಲ್ಲರಿಗೂ ನಮಸ್ಕಾರ. ನನ್ನದು ಯಮಹಾ ಆರ್15 ವಿ3, 2019ರ ಗಾಡಿ. ಈ ಮಳೆಗಾಲ ಪೂರ್ತಿ ತೋಟದ ರಸ್ತೆಯಲ್ಲೇ ಓಡಿದೆ. ಫೇರಿಂಗ್ (ಗಾಡಿಯ ಮುಂದೆ, ಪಕ್ಕ ಇರುವ ಪ್ಲಾಸ್ಟಿಕ್ ಹೊದಿಕೆ) ಒಳಗೆ ಕೆಂಪು ಮಣ್ಣು ಒಣಗಿ ಹೆಂಟೆ ಕಟ್ಟಿದೆ. ರೇಡಿಯೇಟರ್ ಕೆಳಗೆ ಬೆರಳು ಹಾಕಿದರೆ ಅಡಿಕೆ ಸಿಪ್ಪೆ ಕೂಡ ಸಿಗುತ್ತಿದೆ, ಇಲಿ ಸೇರಿಕೊಂಡಿತ್ತೋ ಏನೋ. ಇದರ ಜೊತೆಗೆ ಎಡಗಡೆ ಪ್ಯಾನೆಲ್‌ನಿಂದ ಜರ್ರ್ ಅಂತ ಒಂದು ಸದ್ದು. ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಕೊಟ್ಟರೂ ಬರುತ್ತದೆ.

ಕಳೆದ ಸರ್ವೀಸ್ ಆದ ಮೇಲೆ ಶುರುವಾದ ಸದ್ದು ಇದು. ಗಾಡಿ ವಾಪಸ್ ಬಂದಾಗ ಒಂದು ಕಡೆ ಬೋಲ್ಟೇ ಇರಲಿಲ್ಲ. ಇನ್ನೊಂದು ಕಡೆ ಯಾವುದೋ ಬೇರೆ ಬೋಲ್ಟ್ ಹಾಕಿದ್ದರು. ಮತ್ತೆ ಅಷ್ಟು ದೂರ ಹೋಗಿ ಇಡೀ ದಿನ ಕಾಯುವ ಮನಸ್ಸಿಲ್ಲ. ನಾನೇ ಬಿಚ್ಚಿ, ತೊಳೆದು, ಹಾಕಬಹುದಾ? ಏನೇನು ಟೂಲ್ಸ್ ಬೇಕು? ಪ್ಯಾನೆಲ್ ಹಿಂದೆ ಅದನ್ನು ಹಿಡಿದಿಡುವ ಚಿಕ್ಕ ಪ್ಲಾಸ್ಟಿಕ್ ಲಾಕ್‌ಗಳಿವೆಯಲ್ಲ, ಕೇಳಿದವರೆಲ್ಲ "ಲಾಕ್ ಮುರಿಯುತ್ತೆ, ಕೈ ಹಾಕಬೇಡ" ಅಂತಲೇ ಹೆದರಿಸುತ್ತಿದ್ದಾರೆ.

ಸ್ಪ್ಯಾನರ್_12_13

ಧೈರ್ಯವಾಗಿ ಬಿಚ್ಚಿ. ಎಲ್ ಕೀ (ಎಲ್ ಆಕಾರದ ಆರು ಮೂಲೆಯ ಕೀ) ಸೆಟ್, ಒಂದು ಒಳ್ಳೆ ಸ್ಟಾರ್ ಸ್ಕ್ರೂಡ್ರೈವರ್, 10ರ ಸ್ಪ್ಯಾನರ್, ಇಷ್ಟಿದ್ದರೆ ಸಾಕು. ಮೊದಲ ಸಲ ಅರ್ಧ ದಿನ ಬಿಡುವು ಮಾಡಿಕೊಳ್ಳಿ.

ನಮ್ಮೂರು_ನಾಗರಬಾವಿ

ನಾನು ಬೇಡ ಅಂತೀನಿ. ಪ್ಯಾನೆಲ್‌ನ ಒಂದು ಲಾಕ್ ಮುರಿದರೂ ಇಡೀ ಪ್ಯಾನೆಲ್ ತಗೊಳ್ಳಬೇಕು, ಬರೀ ಲಾಕ್ ಯಾರೂ ಮಾರುವುದಿಲ್ಲ. ಸ್ಟಿಕರ್ ಸಮೇತ ಒರಿಜಿನಲ್ ಪ್ಯಾನೆಲ್ ರೇಟ್ ಕೇಳಿ ನೋಡಿ, ಸರ್ವೀಸ್ ಚಾರ್ಜೇ ವಾಸಿ ಅನಿಸುತ್ತದೆ. ಅಲ್ಲೇ ಮುರಿದರೆ ಅವರನ್ನೇ ಕೇಳಬಹುದು ಅಲ್ವಾ?

ಸ್ಪ್ಯಾನರ್_12_13

ಕೇಳಬಹುದು ಸರ್, "ಮೊದಲೇ ಮುರಿದಿತ್ತು" ಅಂತ ಉತ್ತರ ಬರುತ್ತೆ. ಹಿಂದಿನ ಲಾಕ್ ಹೊರಗಿನಿಂದ ಕಾಣುವುದೇ ಇಲ್ಲವಲ್ಲ.

ದಾವಣಗೆರೆ_ಗ್ಯಾರೇಜ್

ತಮ್ಮಾ, ನಾನು ಗ್ಯಾರೇಜ್ ನಡೆಸುವವನು. ಕರಿಜ್ಮಾ ಝಡ್‌ಎಂಆರ್ ಕಾಲದಿಂದ ಫೇರಿಂಗ್ ಬಿಚ್ಚುತ್ತಿದ್ದೇನೆ. ಲಾಕ್ ಮುರಿಯುವುದು ಬಿಚ್ಚುವುದರಿಂದ ಅಲ್ಲ, ಇನ್ನೂ ಎಲ್ಲೋ ಹಿಡಿದುಕೊಂಡಿರುವ ಪ್ಯಾನೆಲ್ಲನ್ನು ಎಳೆಯುವುದರಿಂದ. ನೂರಕ್ಕೆ ತೊಂಬತ್ತು ಇದೇ ಕಾರಣ. ಬರಲಿಲ್ಲ ಅಂದರೆ ಎಳೆಯಬೇಡ, ನಿಂತು ಹುಡುಕು. ಎಲ್ಲೋ ಒಂದು ಬೋಲ್ಟ್ ಅಥವಾ ಕ್ಲಿಪ್ ಉಳಿದಿದೆ ಅಂತಲೇ ಅರ್ಥ.

ಗಾಡಿ ಪೂರ್ತಿ ತಣ್ಣಗಾಗಲಿ. ಆರ್15ಗೆ ಸೆಂಟರ್ ಸ್ಟ್ಯಾಂಡ್ ಇಲ್ಲ, ಪ್ಯಾಡಕ್ ಸ್ಟ್ಯಾಂಡ್ (ಹಿಂದಿನ ಚಕ್ರ ಎತ್ತಿ ಹಿಡಿಯುವ ಬೇರೆ ಸ್ಟ್ಯಾಂಡ್) ಇದ್ದರೆ ನೇರ ನಿಲ್ಲಿಸು. ಇಲ್ಲದಿದ್ದರೆ ಸೈಡ್ ಸ್ಟ್ಯಾಂಡೇ ಸಾಕು, ಆದರೆ ಗೇರಿನಲ್ಲಿಡು. ಸೀಟ್ ತೆಗೆದು ಬ್ಯಾಟರಿಯ ನೆಗೆಟಿವ್ ಬಿಚ್ಚು. ಇಂಡಿಕೇಟರ್, ಹೆಡ್‌ಲೈಟ್ ಕನೆಕ್ಟರ್ ತೆಗೆಯುವಾಗ ಎಲ್ಲಾದರೂ ವೈರ್ ತಗುಲಿ ಫ್ಯೂಸ್ ಹೋಗುವುದು ಬೇಡ.

ಆಮೇಲೆ ಒಂದು ದಪ್ಪ ರಟ್ಟು ತಗೊ. ಅದರ ಮೇಲೆ ಗಾಡಿಯ ಎಡಬದಿ, ಬಲಬದಿ ಅಂದಾಜಿಗೆ ಬರೆ. ಯಾವ ಬೋಲ್ಟ್ ಎಲ್ಲಿಂದ ಬಂತೋ ರಟ್ಟಿನಲ್ಲಿ ಅಲ್ಲೇ ಚುಚ್ಚು, ವಾಷರ್ ಮತ್ತು ಬುಷ್ (ರಂಧ್ರದೊಳಗೆ ಕೂರುವ ಚಿಕ್ಕ ಕೊಳವೆ) ಸಮೇತ. ಫೇರಿಂಗ್ ಬೋಲ್ಟುಗಳು ನೋಡಲು ಒಂದೇ ಥರ ಇರುತ್ತವೆ, ಉದ್ದ ಮಾತ್ರ ಬೇರೆ ಬೇರೆ. ಗಿಡ್ಡ ಬೋಲ್ಟಿನ ಜಾಗಕ್ಕೆ ಉದ್ದದ್ದು ಹಾಕಿದರೆ ಅದರ ತುದಿ ಹಿಂದಿರುವ ರೇಡಿಯೇಟರ್‌ಗೋ ವೈರಿಗೋ ತಗಲುತ್ತದೆ. ಬೇರೆ ಬೋಲ್ಟ್ ಹಾಕಿದ್ದಾರೆ ಅಂದೆಯಲ್ಲ, ಮೊದಲು ಅದನ್ನೇ ನೋಡು.

ಸಾಮಾನ್ಯವಾಗಿ ಎಂಜಿನ್ ಕೆಳಗಿನ ಪ್ಯಾನೆಲ್ ಆದ ಬೆಲ್ಲಿ ಪ್ಯಾನ್ ಮತ್ತು ಸಣ್ಣ ಒಳಪ್ಯಾನೆಲ್‌ಗಳು ಮೊದಲು, ಆಮೇಲೆ ಪಕ್ಕದ ದೊಡ್ಡ ಪ್ಯಾನೆಲ್, ಹೆಡ್‌ಲೈಟ್ ಇರುವ ಮೂತಿ ಕೊನೆಗೆ. ನಿನ್ನ ಕೆಲಸಕ್ಕೆ ಮೂತಿ ಬಿಚ್ಚುವ ಅಗತ್ಯವೇ ಇಲ್ಲ. ಬೋಲ್ಟ್ ಎಲ್ಲ ಬಂದ ಮೇಲೂ ಪ್ಯಾನೆಲ್ ಎರಡು ಥರದಲ್ಲಿ ಹಿಡಿದಿರುತ್ತದೆ. ಒಂದು, ಪ್ಲಾಸ್ಟಿಕ್ ಮೊಳೆ ರಬ್ಬರ್ ಬುಷ್ ಒಳಗೆ ಕೂತಿರುವುದು. ಅದನ್ನು ನೇರ ಹೊರಗೆ ಎಳೆಯಬೇಕು, ಓರೆಯಾಗಿ ತಿರುಚಬಾರದು. ಕೈಯನ್ನು ಪ್ಯಾನೆಲ್ ಅಂಚಿನಲ್ಲಿ ಇಡಬೇಡ, ಬುಷ್ ಇರುವ ಜಾಗದ ಹತ್ತಿರವೇ ಹಿಡಿ. ಇನ್ನೊಂದು, ಒಂದು ಪ್ಯಾನೆಲ್‌ನ ನಾಲಿಗೆ ಇನ್ನೊಂದರ ಸೀಳಿನಲ್ಲಿ ಸೇರಿರುವುದು. ಅದು ಜಾರಿಸಿದರೆ ಬರುತ್ತದೆ, ಎಳೆದರೆ ಮುರಿಯುತ್ತದೆ. ಯಾವ ದಿಕ್ಕಿಗೆ ಜಾರುತ್ತದೆ ಅಂತ ತಿಳಿಯಲು ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡು.

ಪ್ಯಾನೆಲ್ ಕೈಗೆ ಬಂತು ಅಂತ ದೂರ ಒಯ್ಯಬೇಡ. ಇಂಡಿಕೇಟರ್ ವೈರ್ ಇನ್ನೂ ಅಂಟಿಕೊಂಡಿರುತ್ತದೆ. ಕನೆಕ್ಟರಿನ ಚಿಕ್ಕ ಲಾಕ್ ಒತ್ತಿ ಕನೆಕ್ಟರನ್ನೇ ಹಿಡಿದು ಬಿಡಿಸು, ವೈರ್ ಹಿಡಿದು ಎಳೆಯಬೇಡ.

ತೀರ್ಥಹಳ್ಳಿ_ರೈಡರ್

ಅಣ್ಣ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ತುಂಬಾ ಥ್ಯಾಂಕ್ಸ್. ಒಂದು ಡೌಟ್. ಹ್ಯಾಂಡಲ್ ಕೆಳಗೆ, ಫೋರ್ಕ್ ಪಕ್ಕ, ಕಪ್ಪು ಗುಂಡಗಿನ ಪ್ಲಾಸ್ಟಿಕ್ ಕ್ಲಿಪ್ ಇದೆ. ಅದಕ್ಕೆ ಸ್ಕ್ರೂಡ್ರೈವರ್ ಹಾಕುವ ಗುರುತೇ ಇಲ್ಲ. ಮೀಟಿ ತೆಗೆಯಬೇಕಾ?

ಮೈಸೂರು_ಮಿಲ್ಲಿ

ಮೀಟಬೇಡಿ! ಅದು ಪುಶ್ ಕ್ಲಿಪ್. ನಡುವಿನ ಗುಂಡಿಯನ್ನು ಎಲ್ ಕೀ ತುದಿಯಿಂದ ಸ್ವಲ್ಪವೇ ಒಳಗೆ ಒತ್ತಿ, ಟಿಕ್ ಅನ್ನುತ್ತದೆ. ಆಗ ಕಾಲುಗಳು ಸಡಿಲಾಗಿ ಇಡೀ ಕ್ಲಿಪ್ ಕೈಯಲ್ಲೇ ಬರುತ್ತದೆ. ಜಾಸ್ತಿ ಒತ್ತಿದರೆ ಗುಂಡಿ ಒಳಗೇ ಬಿದ್ದುಹೋಗುತ್ತದೆ, ಜೋಪಾನ.

ವಾಪಸ್ ಹಾಕುವಾಗ ಗುಂಡಿಯನ್ನು ಹಿಂದಿನಿಂದ ತಳ್ಳಿ ಮೇಲೆ ಬರಿಸಿ, ಕ್ಲಿಪ್ ರಂಧ್ರದಲ್ಲಿ ಕೂರಿಸಿ, ಆಮೇಲೆ ಗುಂಡಿಯನ್ನು ಮಟ್ಟಕ್ಕೆ ಒತ್ತಿ. ಕೆಲವು ಗಾಡಿಗಳಲ್ಲಿ ನಡುವೆ ಸ್ಟಾರ್ ಗುರುತು ಇರುವ ಕ್ಲಿಪ್ ಬರುತ್ತದೆ. ಅದನ್ನು ತಿರುಗಿಸಿ ಮೇಲೆತ್ತಿ ತೆಗೆಯುವುದು. ಒಂದು ಪ್ಯಾಕೆಟ್ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಹಳೆಯ ಕ್ಲಿಪ್‌ಗಳ ಕಾಲು ಬಿಸಿಲಿಗೆ ಒಣಗಿ ಮುರಿಯುತ್ತವೆ. ಕಾರಿನ ಬಂಪರ್‌ಗೆ ಬರುವುದೂ ಇದೇ ಥರದ್ದು, ಅಳತೆ ನೋಡಿ ತಗೊಳ್ಳಿ.

ನಮ್ಮೂರು_ನಾಗರಬಾವಿ

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಇಂಥವೆಲ್ಲ ಬಿಡಿಯಾಗಿ ಸಿಗುತ್ತವೆ. ಬಿಚ್ಚಲೇಬೇಕು ಅಂತ ತೀರ್ಮಾನಿಸಿದ್ದರೆ ಹಳೆಯ ಕ್ಲಿಪ್ ಒಂದನ್ನು ಜೇಬಲ್ಲಿ ಹಾಕಿಕೊಂಡು ಹೋಗಿ.

ಕುಡ್ಲ_ಕಡಲು

ಮಾರಾಯ್ರೆ, ನಮ್ಮ ಮಂಗಳೂರು ಕಡೆಯ ತೊಂದರೆ ಬೇರೆ. ಉಪ್ಪುಗಾಳಿಗೆ ಬೋಲ್ಟ್ ತುಕ್ಕು ಹಿಡಿದು ಕೂತಿರುತ್ತದೆ. ಎಲ್ ಕೀ ತಿರುಗಿಸಿದರೆ ಬೋಲ್ಟಿನ ತಲೆ ರೌಂಡ್ ಆಗುತ್ತದೆ. ಹಾಗಾಗದಿರಲು ತಲೆಯ ಗುಣಿಯಲ್ಲಿರುವ ಮಣ್ಣನ್ನು ಮೊದಲು ಗುಂಡುಸೂಜಿಯಿಂದ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಕೀ ಪೂರ್ತಿ ಒಳಗೆ ಹೋಗುವುದಿಲ್ಲ, ತುದಿಯಲ್ಲಷ್ಟೇ ಹಿಡಿದು ಜಾರುತ್ತದೆ.

ಆಗಲೇ ರೌಂಡ್ ಆಗಿದ್ದರೆ ಸ್ವಲ್ಪ ದೊಡ್ಡ ಅಳತೆಯ ಟಾರ್ಕ್ಸ್ ಬಿಟ್ (ಆರು ಮೂಲೆಯ ನಕ್ಷತ್ರದಂಥ ತುದಿ) ಒಂದನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿ ತಿರುಗಿಸಿ, ಹೆಚ್ಚಿನವು ಬರುತ್ತವೆ. ಹಿಂದೆ ಪ್ಲಾಸ್ಟಿಕ್ ಇದೆ, ಜೋರಾಗಿ ಬಡಿಯಬೇಡಿ. ಆಮೇಲೆ ಎಲ್ಲಕ್ಕೂ ಸ್ಟೇನ್‌ಲೆಸ್ ಬೋಲ್ಟ್ ಹಾಕಿಬಿಡಿ. ಅಲ್ಯೂಮಿನಿಯಂ ಒಳಗೆ ಹೋಗುವ ಬೋಲ್ಟ್ ಆದರೆ ಚೂರು ಗ್ರೀಸ್ ಸವರಿ ಹಾಕಿ. ಎರಡು ಬೇರೆ ಲೋಹ, ಉಪ್ಪು, ತೇವ ಸೇರಿದರೆ ಕಚ್ಚಿಕೊಂಡು ಬಿಡುತ್ತದೆ.

ಸ್ಪ್ಯಾನರ್_12_13

ಸ್ಟಾರ್ ಸ್ಕ್ರೂ ಬಗ್ಗೆಯೂ ಹೇಳಿ. ಜಪಾನಿ ಗಾಡಿಗಳಲ್ಲಿ ಬರುವುದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಅಳತೆಯ ಸ್ಟಾರ್. ಸಾಮಾನ್ಯ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಮೇಲಕ್ಕೆ ಜಾರಿ ತಲೆ ಕೆಡಿಸುತ್ತದೆ. ಜೆಐಎಸ್ ತುದಿಯ ಡ್ರೈವರ್ ಒಂದು ಇಟ್ಟುಕೊಂಡರೆ ಕಾರ್ಬ್ಯುರೇಟರ್ ಗಾಡಿಗಳಿಗೂ ಆಗುತ್ತದೆ.

ಪೀಣ್ಯ_ಮೋಲ್ಡಿಂಗ್

ನಾನು ಪೀಣ್ಯದಲ್ಲಿ ಪ್ಲಾಸ್ಟಿಕ್ ಇಂಜೆಕ್ಷನ್ ಮೋಲ್ಡಿಂಗ್ ಕೆಲಸದಲ್ಲಿದ್ದೇನೆ. ಮೂರು ವಿಷಯ ಹೇಳಲೇಬೇಕು.

ಬೋಲ್ಟ್ ಬಿಚ್ಚಿದಾಗ ಪ್ಯಾನೆಲ್ ರಂಧ್ರದಲ್ಲಿ ಚಿಕ್ಕ ಲೋಹದ ಬುಷ್ ಇರುತ್ತದೆ, ನೋಡಿದ್ದೀರಾ? ತೊಳೆಯುವಾಗ ಮೊದಲು ಕಳೆದುಹೋಗುವುದು ಅದೇ. ಅದರ ಎತ್ತರ ಪ್ಲಾಸ್ಟಿಕ್ ದಪ್ಪಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. ಬೋಲ್ಟ್ ಎಷ್ಟೇ ಟೈಟ್ ಮಾಡಿದರೂ ಒತ್ತಡ ಲೋಹದ ಮೇಲೆ ಬೀಳಲಿ, ಪ್ಲಾಸ್ಟಿಕ್ ಮೇಲೆ ಬೀಳದಿರಲಿ ಅಂತ ಹಾಗೆ ಮಾಡಿರುತ್ತಾರೆ. ಬುಷ್ ಇಲ್ಲದೆ ಹಾಕಿದರೆ ಎರಡೇ ದಾರಿ. ಟೈಟ್ ಮಾಡಿದರೆ ರಂಧ್ರದ ಸುತ್ತ ಬಿರುಕು, ಸಡಿಲ ಬಿಟ್ಟರೆ ಜರ್ರ್ ಸದ್ದು. ತೀರ್ಥಹಳ್ಳಿಯವರೇ, ನಿಮ್ಮ ಸದ್ದಿಗೆ ಇದೇ ಕಾರಣ ಇರಬಹುದು ಅಂತ ನನ್ನ ಅನುಮಾನ.

ಎರಡನೆಯದು ತ್ರೆಡ್‌ಲಾಕರ್. ಬೋಲ್ಟ್ ಉದುರದಿರಲಿ ಅಂತ ಫೇರಿಂಗ್ ಬೋಲ್ಟಿಗೂ ಆ ನೀಲಿ ದ್ರವ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಎಬಿಎಸ್, ಪಾಲಿಕಾರ್ಬೊನೇಟ್ ಥರದ ಪ್ಲಾಸ್ಟಿಕ್‌ಗೆ ಅದು ತಗುಲಿದರೆ, ಬಿಗಿತ ಇರುವ ಜಾಗದಲ್ಲಿ ಸಣ್ಣ ಸಣ್ಣ ಬಿರುಕು ಏಳುತ್ತದೆ. ಅದು ಅವತ್ತೇ ಕಾಣುವುದೂ ಇಲ್ಲ. ರಬ್ಬರ್ ಬುಷ್‌ಗೆ ಪೆಟ್ರೋಲ್, ಎಂಜಿನ್ ಆಯಿಲ್ ಕೂಡ ಬೇಡ, ರಬ್ಬರ್ ಉಬ್ಬುತ್ತದೆ. ಸೋಪು ನೀರು ಅಥವಾ ಸಿಲಿಕಾನ್ ಗ್ರೀಸ್ ಸಾಕು, ಮೊಳೆ ತಾನಾಗಿ ಒಳಗೆ ಜಾರುತ್ತದೆ.

ಮೂರನೆಯದು ಟೈಟ್ ಮಾಡುವುದು. ಎಲ್ ಕೀಯ ಉದ್ದ ಕಡೆಯನ್ನು ಬೋಲ್ಟಿಗೆ ಹಾಕಿ, ಗಿಡ್ಡ ಕಡೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಆ ಗಿಡ್ಡ ಕೈಯಲ್ಲಿ ಅತಿಯಾದ ಬಲ ಹಾಕಲು ಆಗುವುದೇ ಇಲ್ಲ. ಪವರ್ ಡ್ರಿಲ್ ಹತ್ತಿರವೂ ತರಬೇಡಿ.

ದಾವಣಗೆರೆ_ಗ್ಯಾರೇಜ್

ಬುಷ್ ವಿಷಯ ಹೇಳಿದ್ದು ಬಹಳ ಒಳ್ಳೆಯದಾಯಿತು ಸರ್. ನಮ್ಮ ಹುಡುಗರಿಗೆ ನಾನು ದಿನಾ ಹೇಳುವ ಮಾತು ಅದು.

ಅಂಟು_ನಂಟು

ಲಾಕ್ ಮುರಿದರೆ ಏನಂತೆ? ಫೆವಿಕ್ವಿಕ್ ಹಾಕಿ ಅಂಟಿಸಿದರೆ ಆಯಿತು. ಹಿಂದೆ ಎಂ-ಸೀಲ್ ಮೆತ್ತಿಬಿಡಿ.

ಪೀಣ್ಯ_ಮೋಲ್ಡಿಂಗ್

ಫೆವಿಕ್ವಿಕ್ ಹಿಡಿಯುತ್ತದೆ, ಆದರೆ ಅದು ಗಾಜಿನಷ್ಟು ಪೆಡಸು. ಎಂಜಿನ್ ನಡುಕಕ್ಕೆ ಮತ್ತೆ ಬಿಡುತ್ತದೆ. ಸರಿಯಾದ ದಾರಿ ಹೇಳುತ್ತೇನೆ. ಪ್ಯಾನೆಲ್ ಹಿಂಬದಿ ನೋಡಿ, ಯಾವ ಪ್ಲಾಸ್ಟಿಕ್ ಅಂತ ಅಚ್ಚು ಹಾಕಿರುತ್ತಾರೆ. ಬಣ್ಣ ಹೊಡೆದ ಹೊಳೆಯುವ ಪ್ಯಾನೆಲ್‌ಗಳು ಹೆಚ್ಚಾಗಿ ಎಬಿಎಸ್. ಬಣ್ಣವಿಲ್ಲದ ಕಪ್ಪು ಒಳಪ್ಯಾನೆಲ್, ಮಡ್‌ಗಾರ್ಡ್ ಇವು ಬಹಳ ಸಲ ಪಿಪಿ (ಪಾಲಿಪ್ರೊಪಿಲೀನ್).

ಎಬಿಎಸ್ ಆದರೆ ಸುಲಭ. ಅದೇ ಪ್ಲಾಸ್ಟಿಕ್‌ನ ಚೂರುಗಳನ್ನು ಗಾಜಿನ ಬಾಟಲಿಯಲ್ಲಿ ಅಸಿಟೋನ್‌ಗೆ ಹಾಕಿ ರಾತ್ರಿ ಬಿಟ್ಟರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಬಿರುಕಿನ ಎರಡೂ ಅಂಚು ಕೂಡಿಸಿ ಒಳಬದಿಯಿಂದ ಹಚ್ಚಿ. ಅಸಿಟೋನ್ ಆರಿದ ಮೇಲೆ ಪ್ಲಾಸ್ಟಿಕ್ ಪ್ಲಾಸ್ಟಿಕ್‌ಗೇ ಬೆಸೆದುಕೊಂಡಿರುತ್ತದೆ. ಒಂದೆರಡು ದಿನ ಮುಟ್ಟಬೇಡಿ. ಬಿರುಕು ಮುಂದೆ ಹೋಗದಿರಲು ಅದರ ತುದಿಯಲ್ಲಿ 2 ಮಿ.ಮೀ. ರಂಧ್ರ ಕೊರೆಯಿರಿ. ಹೊರಬದಿಗೆ ಅಸಿಟೋನ್ ಒಂದು ಹನಿ ಬಿದ್ದರೂ ಬಣ್ಣ ಹೋಗುತ್ತದೆ. ಬೇಗ ಬೆಂಕಿ ಹಿಡಿಯುವ ವಸ್ತು ಅದು, ಅಡುಗೆಮನೆ ಹತ್ತಿರ ಮಾಡಬೇಡಿ.

ಪಿಪಿ ಅಸಿಟೋನ್‌ಗೆ ಕರಗುವುದಿಲ್ಲ, ಅಂಟುಗಳೂ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಬಿಸಿ ಮಾಡಿ ಬೆಸೆಯುವ ಪ್ಲಾಸ್ಟಿಕ್ ವೆಲ್ಡಿಂಗೇ ಆಗಬೇಕು.

ಅಂಟು_ನಂಟು

ಮನೆಯಲ್ಲಿ ನೇಲ್ ಪಾಲಿಶ್ ರಿಮೂವರ್ ಇದೆ, ಅದು ನಡೆಯುತ್ತಾ?

ಮೈಸೂರು_ಮಿಲ್ಲಿ

ಈಗ ಬರುವ ಬಹಳಷ್ಟರಲ್ಲಿ ಅಸಿಟೋನ್ ಇರುವುದೇ ಇಲ್ಲ. ಇದ್ದರೂ ನೀರು, ಎಣ್ಣೆ, ಸೆಂಟ್ ಸೇರಿರುತ್ತದೆ. ಶುದ್ಧ ಅಸಿಟೋನ್ ಒಂದು ಚಿಕ್ಕ ಬಾಟಲಿ ತಗೊಳ್ಳಿ.

ಗದಗ_ಗಾಳಿ

ನನಗೊಂದು ಪ್ರಶ್ನೆ ರೀ. ಇಷ್ಟೆಲ್ಲ ತಾಪತ್ರಯ ಯಾಕೆ? ಫೇರಿಂಗ್ ತೆಗೆದಿಟ್ಟು ಹಾಗೇ ಓಡಿಸಿದರೆ ಏನು? ನಮ್ಮ ರಸ್ತೆಯಲ್ಲಿ 60ರ ಮೇಲೆ ಹೋಗುವುದೇ ಕಷ್ಟ. ಬರೀ ಚಂದಕ್ಕೆ ಇರುವ ಪ್ಲಾಸ್ಟಿಕ್ ಅಲ್ವಾ ಅದು?

ಟ್ರ್ಯಾಕ್_ಡೇ

ಚಂದಕ್ಕೆ ಅಲ್ಲ ರೀ! ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. 60ರಲ್ಲಿ ಗೊತ್ತಾಗದ್ದು ಹೈವೇಯಲ್ಲಿ 100 ದಾಟಿದಾಗ ಎದೆಗೆ ಬಡಿಯುತ್ತದೆ. 1950ರ ದಶಕದ ರೇಸಿನಲ್ಲಿ ಮುಂದಿನ ಚಕ್ರವನ್ನೂ ಮುಚ್ಚುವ ದೊಡ್ಡ ಫೇರಿಂಗ್ ಹಾಕುತ್ತಿದ್ದರು. ವೇಗವೇನೋ ಬಂತು, ಅಡ್ಡಗಾಳಿ ಬೀಸಿದರೆ ಮಾತ್ರ ಗಾಡಿ ಕೈತಪ್ಪುತ್ತಿತ್ತು. 1957ರ ಸೀಸನ್ ಮುಗಿದ ಮೇಲೆ ಎಫ್‌ಐಎಂ (ಬೈಕ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ) ಅದನ್ನು ನಿಷೇಧಿಸಿತು.

ಇನ್ನೊಂದು ವಿಷಯ. ರೋಡ್ ರೇಸಿಂಗ್‌ನಲ್ಲಿ ಬೆಲ್ಲಿ ಪ್ಯಾನ್ ಸುರಕ್ಷತೆಯ ಭಾಗ. ಎಂಜಿನ್ ಒಡೆದರೆ ಒಟ್ಟು ಆಯಿಲ್ ಮತ್ತು ಕೂಲೆಂಟ್‌ನ ಅರ್ಧದಷ್ಟನ್ನಾದರೂ ಅದು ಹಿಡಿದಿಡಬೇಕು, ಟ್ರ್ಯಾಕ್ ಮೇಲೆ ಚೆಲ್ಲಬಾರದು ಅಂತ ಎಫ್‌ಐಎಂ ನಿಯಮವೇ ಇದೆ.

ಮ್ಯೂನಿಕ್_ಕನ್ನಡಿಗ

ರಸ್ತೆ ಗಾಡಿಗಳ ಕತೆಯೂ ಚೆನ್ನಾಗಿದೆ. 1976ರಲ್ಲಿ ಬಿಎಂಡಬ್ಲ್ಯು ಆರ್100ಆರ್‌ಎಸ್ ಪೂರ್ತಿ ಫೇರಿಂಗ್ ಸಮೇತ ಕಾರ್ಖಾನೆಯಿಂದಲೇ ಬಂತು. ಹಾನ್ಸ್ ಮೂಟ್ ವಿನ್ಯಾಸ. ಇಟಲಿಯ ಪಿನಿನ್‌ಫರೀನಾದ ಗಾಳಿ ಸುರಂಗದಲ್ಲಿ ಪರೀಕ್ಷೆ ಮಾಡಿ ಆಕಾರ ಕೊಟ್ಟರು. ಇಡೀ ದಿನ ಹೈವೇಯಲ್ಲಿ ಹೋದರೂ ಸವಾರ ಸುಸ್ತಾಗಬಾರದು ಅನ್ನುವುದೇ ಅದರ ಗುರಿ.

ದಾವಣಗೆರೆ_ಗ್ಯಾರೇಜ್

ಗದಗದವರೇ, ಲಿಕ್ವಿಡ್ ಕೂಲ್ ಗಾಡಿಯಲ್ಲಿ ಫೇರಿಂಗ್ ಗಾಳಿಯನ್ನು ರೇಡಿಯೇಟರ್ ಕಡೆ ತಿರುಗಿಸುತ್ತದೆ. ವೈರಿಂಗ್, ಹಾರ್ನ್, ಕನೆಕ್ಟರ್ ಎಲ್ಲ ಅದರ ಮರೆಯಲ್ಲಿರುತ್ತವೆ, ಬಿಚ್ಚಿದರೆ ಮಳೆ, ಮಣ್ಣು ನೇರ ಬಡಿಯುತ್ತದೆ. ಇಂಡಿಕೇಟರ್ ಕೂಡ ಪ್ಯಾನೆಲ್ ಮೇಲೇ ಇರುತ್ತದೆ, ಅದಿಲ್ಲದೆ ರಸ್ತೆಗೆ ಇಳಿಯುವುದು ತಪ್ಪು. ಬಿಚ್ಚಿಟ್ಟು ಓಡಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ತೀರ್ಥಹಳ್ಳಿ_ರೈಡರ್

ಎಲ್ಲರಿಗೂ ವರದಿ. ಭಾನುವಾರ ಬಿಚ್ಚಿದೆ! ಒಂದು ಲಾಕೂ ಮುರಿಯಲಿಲ್ಲ. ಎಡ ಪ್ಯಾನೆಲ್ ಮೊದಲು ಬರಲಿಲ್ಲ. ಅಣ್ಣ ಹೇಳಿದ್ದು ನೆನಪಿಟ್ಟು ಟಾರ್ಚ್ ಹಿಡಿದು ಹುಡುಕಿದರೆ ಒಳಪ್ಯಾನೆಲ್ ಹಿಂದೆ ಒಂದು ಕ್ಲಿಪ್ ಅಡಗಿತ್ತು. ಅದು ಬಿಟ್ಟ ಕೂಡಲೇ ಪ್ಯಾನೆಲ್ ಕೈಗೆ ಬಂತು.

ಪೀಣ್ಯದವರ ಅನುಮಾನ ನೂರಕ್ಕೆ ನೂರು ಸರಿ. ಬೇರೆ ಬೋಲ್ಟ್ ಹಾಕಿದ್ದ ಜಾಗದಲ್ಲಿ ಬುಷ್ ಇರಲೇ ಇಲ್ಲ. ರಂಧ್ರ ಅರಳಿ ಅಂಡಾಕಾರ ಆಗಿದೆ, ಬಿರುಕು ಸದ್ಯ ಇಲ್ಲ. ಒಳಗೆ ಇಲಿ ಗೂಡೇ ಇತ್ತು. ಅಡಿಕೆ ಸಿಪ್ಪೆ, ತೆಂಗಿನ ನಾರು, ಹರಿದ ಪೇಪರ್. ಹಾರ್ನ್ ವೈರಿನ ಮೇಲ್ಪದರ ಒಂದು ಕಡೆ ಕಡಿದಿದೆ, ಟೇಪ್ ಸುತ್ತಿದ್ದೇನೆ. ರೇಡಿಯೇಟರ್ ಅನ್ನು ತೋಟದ ಪೈಪಿನಲ್ಲಿ ಮೆಲ್ಲಗೆ ತೊಳೆದೆ. ಈಗ ವಾಪಸ್ ಹಾಕುವ ಮೊದಲು ಏನಾದರೂ ನೋಡಬೇಕಾ?

ದಾವಣಗೆರೆ_ಗ್ಯಾರೇಜ್

ಭೇಷ್! ಪ್ರೆಶರ್ ವಾಷರ್ ಹಿಡಿಯದೆ ಇದ್ದದ್ದು ಒಳ್ಳೆಯದಾಯಿತು, ರೇಡಿಯೇಟರ್ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಹಾರ್ನ್ ವೈರ್ ಒಳಗಿನ ತಾಮ್ರ ಕಂಡಿದ್ದರೆ ಬರೀ ಟೇಪ್ ಸಾಲದು, ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಅಂಟುವ ಕೊಳವೆ) ಹಾಕು. ಫೇರಿಂಗ್ ತೆಗೆದಿರುವಾಗಲೇ ಕೂಲೆಂಟ್ ಮಟ್ಟ, ಹೋಸ್ ಕ್ಲಿಪ್ ನೋಡಿಕೊ. ಎಂಜಿನ್ ಬಿಸಿ ಇದ್ದರೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡ.

ಹಾಕುವಾಗ ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲೇ ಎರಡು ಮೂರು ಸುತ್ತು ಹಿಡಿಸು. ಯಾವುದನ್ನೂ ಟೈಟ್ ಮಾಡಬೇಡ. ಒಂದನ್ನು ಬಿಗಿ ಮಾಡಿದರೆ ಕೊನೆಯ ರಂಧ್ರ ಕೂಡುವುದಿಲ್ಲ, ಆಗ ಜನ ಪ್ಯಾನೆಲ್ ಬಗ್ಗಿಸಿ ಮುರಿಯುತ್ತಾರೆ. ಎಲ್ಲ ಹಿಡಿದ ಮೇಲೆ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸು, ಕೇಬಲ್ ಎಲ್ಲೂ ಸಿಕ್ಕಿಕೊಳ್ಳಬಾರದು. ಬ್ಯಾಟರಿ ಜೋಡಿಸಿ ಇಂಡಿಕೇಟರ್, ಹಾರ್ನ್, ಲೈಟ್ ನೋಡು. ಕೊನೆಗೆ ಟೈಟ್ ಮಾಡು.

ಮೈಸೂರು_ಮಿಲ್ಲಿ

ಇಲಿಗೆ ಏನು ಮಾಡ್ತೀರಿ? ಗೂಡು ತೆಗೆದರೂ ವಾಸನೆಗೆ ಮತ್ತೆ ಬರುತ್ತವೆ. ಸೋಪಿನಲ್ಲಿ ಒಳಗೆಲ್ಲ ಒರೆಸಿ. ನಮ್ಮ ಅಪ್ಪ ಹೊಗೆಸೊಪ್ಪಿನ ಚೂರನ್ನು ಬಟ್ಟೆಯಲ್ಲಿ ಕಟ್ಟಿ ಗಾಡಿಯ ಪಕ್ಕ ಇಡುತ್ತಾರೆ.

ಕುಡ್ಲ_ಕಡಲು

ಅಕ್ಕ, ಪಕ್ಕದಲ್ಲಿಟ್ಟರೆ ಪರವಾಗಿಲ್ಲ. ಕೆಲವರು ಫೇರಿಂಗ್ ಒಳಗೇ ತುರುಕುತ್ತಾರೆ, ಸೈಲೆನ್ಸರ್ ಪೈಪಿಗೆ ತಗುಲಿದರೆ ಬಟ್ಟೆ ಸುಡುತ್ತದೆ. ನಾನು ಕೇಳಿದವರಿಗೆಲ್ಲ ಹೇಳುವುದು, ಗಾಡಿಯನ್ನು ಅಡಿಕೆ ರಾಶಿ, ತೆಂಗಿನ ಸಿಪ್ಪೆ ಹತ್ತಿರ ನಿಲ್ಲಿಸಬೇಡಿ ಅಂತ. ದಿನಾ ಓಡುವ ಗಾಡಿಗೆ ಇಲಿ ಕಾಟ ಕಡಿಮೆ.

ಬೆಳಗಾವಿ_ಆರ್‌ಎಸ್

ಇದೇ ಚರ್ಚೆಯಲ್ಲಿ ಕೇಳುತ್ತಿದ್ದೇನೆ, ಬೇಸರ ಬೇಡ. ನನ್ನದು ಪಲ್ಸರ್ ಆರ್‌ಎಸ್200. ಮುಂದಿನ ವೈಸರ್ ಗಾಜು ಬದಲಿಸಬೇಕು. ಒಂದು ಸ್ಕ್ರೂ ತಿರುಗಿಸಿದರೆ ಸುಮ್ನೆ ತಿರುಗುತ್ತಲೇ ಇದೆ, ಹೊರಗೆ ಬರುತ್ತಿಲ್ಲ.

ಪೀಣ್ಯ_ಮೋಲ್ಡಿಂಗ್

ಹಿಂದೆ ರಬ್ಬರ್ ನಟ್ ಇದ್ದರೆ ಹೀಗಾಗುತ್ತದೆ. ರಬ್ಬರ್ ಒಳಗೆ ಹಿತ್ತಾಳೆಯ ನಟ್ ಇರುತ್ತದೆ. ಸ್ಕ್ರೂ ತುಕ್ಕು ಹಿಡಿದರೆ ರಬ್ಬರ್ ಸಮೇತ ತಿರುಗುತ್ತದೆ. ವೈಸರನ್ನು ಸ್ಕ್ರೂ ಹತ್ತಿರ ಹಿಡಿದು ಹೊರಗೆ ಎಳೆದುಕೊಂಡೇ ಸ್ಕ್ರೂ ತಿರುಗಿಸಿ. ಆಗ ರಬ್ಬರ್ ಉಬ್ಬಿ ರಂಧ್ರಕ್ಕೆ ಒತ್ತಿಕೊಂಡು ಹಿಡಿಯುತ್ತದೆ. ಆಗಲೂ ಬರದಿದ್ದರೆ ಹಿಂದಿನಿಂದ ಕೈ ಹಾಕಿ ಮೂತಿ ಇಕ್ಕಳದಲ್ಲಿ ರಬ್ಬರನ್ನೇ ಹಿಡಿದುಕೊಳ್ಳಿ. ಹೊಸ ರಬ್ಬರ್ ನಟ್ ಮೊದಲೇ ತಂದಿಟ್ಟುಕೊಳ್ಳಿ, ಹಳೆಯದು ಹರಿದರೂ ಚಿಂತೆ ಇರುವುದಿಲ್ಲ. ಹೊಸ ಗಾಜಿಗೆ ನೈಲಾನ್ ವಾಷರ್ ತಪ್ಪದೆ ಹಾಕಿ, ಪೆಟ್ರೋಲ್ ಅಥವಾ ಥಿನ್ನರ್‌ನಲ್ಲಿ ಒರೆಸಬೇಡಿ, ಮಂಕಾಗಿ ಬಿರುಕು ಬಿಡುತ್ತದೆ.

ಬೆಳಗಾವಿ_ಆರ್‌ಎಸ್

ಎಳೆದುಕೊಂಡು ತಿರುಗಿಸಿದೆ, ಬಂತು! ರಬ್ಬರ್ ಪೂರ್ತಿ ಒಣಗಿ ಪುಡಿ ಆಗಿದೆ. ಹೊಸದಕ್ಕೆ ಅಳತೆ ಏನು ಹೇಳಿ ಕೇಳಬೇಕು ಸರ್?

ಪೀಣ್ಯ_ಮೋಲ್ಡಿಂಗ್

ಬಂದಿರುವ ಸ್ಕ್ರೂ ಅನ್ನೇ ಅಂಗಡಿಗೆ ಒಯ್ಯಿರಿ. ಅದು ಎಂ5 (5 ಮಿ.ಮೀ. ದಪ್ಪದ್ದು) ಇದೆಯೋ ಬೇರೆಯೋ ಅಂತ ಅಲ್ಲೇ ಒಂದು ನಟ್ ಹಾಕಿ ನೋಡುತ್ತಾರೆ. ಇನ್ನೊಂದು ಅಳತೆ, ವೈಸರ್ ಹಿಂದಿನ ಪ್ಯಾನೆಲ್‌ನಲ್ಲಿರುವ ರಂಧ್ರದ ಅಗಲ. ಸ್ಕೇಲ್ ಇಟ್ಟು ಮಿ.ಮೀ.ನಲ್ಲಿ ಬರೆದುಕೊಂಡು ಹೋಗಿ.